ಇಲಿಬುತ್ತಿಗೆ ಬೇಲಿ

ಸಿಟ್ಟು ಬಂದರೆ ಮಾತ್ರೋನಾ ಕೂಗುವವಳಲ್ಲ, ಕೆಲಸ ಮಾಡುವವಳು. ಆ ಬೇಸಿಗೆ ಅವಳು ಇನ್ನೂರು ಸಾಲ್ಮನ್ ಮೀನು ಸೀಳಿ ಒಣಹಾಕಿದಳು, ಒಂದೊಂದನ್ನೂ ಡಾಕ್ಟರ್ ಹಾಲ್ವರ್ಸನ್ ಎಂದುಕೊಂಡು.

ಉತ್ತರದ ಹಿಮನಾಡಿನ ಕುಸ್ಕೊಕ್ವಿಮ್ ನದಿಯ ದಂಡೆಯ ಊರೊಂದರ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದವಳು ಅವಳು. ಈಗ ಅರವತ್ತನಾಲ್ಕು. ಗಂಡ ವಾಸಿಲಿ ಹೋಗಿ ಅಕ್ಟೋಬರಿಗೆ ವರ್ಷ ತುಂಬುತ್ತಿತ್ತು. ವರ್ಷದೂಟಕ್ಕೆ ಊರನ್ನೆಲ್ಲ ಕರೆದು ಅವನಿಗಿಷ್ಟವಾದ ಸೀಲ್ ಪ್ರಾಣಿಯ ಮಾಂಸದ ಸಾರು ಬಡಿಸಬೇಕು. ಆ ಸಾರಿಗೆ ಇಲಿಬುತ್ತಿ ಬೀಳದಿದ್ದರೆ ಅದು ವಾಸಿಲಿಯ ಸಾರಲ್ಲ. ಇಲಿಬುತ್ತಿಯೆಂದರೆ ಟುಂಡ್ರಾದ ಇಲಿಗಳು ಚಳಿಗಾಲಕ್ಕೆಂದು ನೆಲದಡಿ ಕೂಡಿಡುವ ಸಿಹಿ ಬೇರು. ನೆಲ ಹೆಪ್ಪುಗಟ್ಟುವ ಮೊದಲೇ ತೆಗೆಯಬೇಕು. ಗಂಡಹೆಂಡಿರು ನಲವತ್ತು ವರ್ಷ ತೆಗೆದದ್ದು ಕೆರೆಯಾಚೆಯ ಒಂದೇ ಜಾಗದಲ್ಲಿ.

ಜೂನ್ ತಿಂಗಳಲ್ಲಿ ಆ ಜಾಗಕ್ಕೇ ಹಾಲ್ವರ್ಸನ್ ಬೇಲಿ ಹಾಕಿಸಿದ. ಪಂಚಾಯಿತಿಯ ಒಪ್ಪಿಗೆ ಪಡೆದು ಮಣ್ಣಿನ ಸೂಕ್ಷ್ಮಜೀವಿಗಳನ್ನು ಅಧ್ಯಯನ ಮಾಡಲು ಎರಡು ವರ್ಷದ ಹಿಂದೆ ಬಂದವನು. ಆ ಜೀವಿಗಳು ಹಿಮದಡಿಯಲ್ಲೂ ದುಡಿದು ಗಿಡಗಳಿಗೆ ಸಾರಜನಕ ಒದಗಿಸುವುದು ಹೇಗೆಂಬುದು ಅವನ ಪ್ರಶ್ನೆ. ಅವಳಿಗೆ ಸಾರು, ಅವನಿಗೆ ಸಾರಜನಕ. ಜಾಗ ಮಾತ್ರ ಒಂದೇ.

ಸೆಪ್ಟೆಂಬರಿನ ಸಭೆಯಲ್ಲಿ ಹಾಲ್ವರ್ಸನ್ ಗೋಡೆಯ ಮೇಲೆ ಬಣ್ಣಬಣ್ಣದ ಗೆರೆಗಳನ್ನು ತೋರಿಸಿದ. ಸಮುದ್ರದಿಂದ ಬಂದ ಸಾರಜನಕಕ್ಕೆ ಬೇರೆಯೇ ಗುರುತಿರುತ್ತದಂತೆ. ಅದು ಸಮುದ್ರದಿಂದ ಇಷ್ಟು ದೂರದ ಮಣ್ಣಿನಲ್ಲಿ, ಅಂಗೈಯಗಲದ ಮಚ್ಚೆಗಳಾಗಿ ಸಿಕ್ಕಿದೆಯಂತೆ.

"ಯಾರೋ ನಮ್ಮ ಜಾಗದಲ್ಲಿ ಸಮುದ್ರದಿಂದ ಬರೋ ಮೀನಿನ ಕಸ ಹಾಕ್ತಿದಾರೆ. ಎರಡು ವರ್ಷದ ಕೆಲಸ ಹಾಳಾಯ್ತು. ಅದಕ್ಕೇ ಬೇಲಿ," ಎಂದ.

ಮಾತ್ರೋನಾ ಎದ್ದಳು. "ಕಸ ಅಂದ್ರಾ?"

"ನಿಮಗೆ ಹೇಳಿದ್ದಲ್ಲ, ಮಾತ್ರೋನಾ ಅವರೇ."

"ನನಗೇ ಹೇಳಿದ್ದು. ಆ ಕಸ ನಂದೇ."

ಸಭೆ ಗೊಳ್ಳೆಂದಿತು. ಅಧ್ಯಕ್ಷನ ಕುರ್ಚಿಯಲ್ಲಿದ್ದ ತಮ್ಮ ಎವೊನ್ ಕೈಬೀಸಿದ. "ಅಕ್ಕಾ, ಕೂತ್ಕೊಂಡು ಮಾತಾಡು."

"ಕೂತ್ರೆ ಮಾತು ಮಂಡಿಗಿಳಿಯುತ್ತೆ. ಸುಮ್ನಿರೋ." ಅವಳು ಹಾಲ್ವರ್ಸನ್‌ನ ಕಡೆ ತಿರುಗಿದಳು. "ಇಲಿ ಕೂಡಿಟ್ಟಿದ್ರಲ್ಲಿ ಅರ್ಧ ತಗೋತೀವಿ, ಅರ್ಧ ಬಿಡ್ತೀವಿ. ತಗೊಂಡ ಕಡೆ ಒಣಮೀನು ಇಟ್ಟು ಬರ್ತೀವಿ. ನಮ್ಮಜ್ಜಿ ಇಟ್ಳು, ಅಮ್ಮ ಇಟ್ಳು, ನಾನೂ ಇಡ್ತೀನಿ. ಇಲ್ದಿದ್ರೆ ಚಳಿಗಾಲದಲ್ಲಿ ಆ ಪ್ರಾಣಿ ತಿನ್ನೋದೇನನ್ನ, ನಿಮ್ಮ ರಿಪೋರ್ಟನ್ನಾ?"

ಹಾಲ್ವರ್ಸನ್‌ನ ಮುಖ ಅರಳಿತು. "ಅಂದ್ರೆ ನೂರಾರು ವರ್ಷದಿಂದ, ಮನುಷ್ಯರ ಕೈಯಿಂದ! ಇದು ದೊಡ್ಡ ವಿಷಯ! ಬೇಲಿ ಇನ್ನೈದು ವರ್ಷ ಇರ್ಲಿ. ನೀವು ಮೀನು ಇಡೋದು ನಿಲ್ಸಿದ್ರೆ ಸೂಕ್ಷ್ಮಜೀವಿಗಳು ಏನ್ಮಾಡ್ತವೆ ಅಂತ ನೋಡ್ಬಹುದು."

ಕಸ ಹಾಕುವವಳಿಗೆ ನಿಂತ ನಿಲುವಿನಲ್ಲೇ ಪ್ರಯೋಗವಸ್ತುವಾಗಿ ಬಡ್ತಿ! ಮಾತ್ರೋನಾಳ ಕಿವಿಯ ತುದಿ ಬಿಸಿಯಾಯಿತು.

"ಮೂರು ಬೇಸಿಗೆ ನನ್ನ ಮನೇಲಿ ಟೀ ಕುಡಿದ್ರಿ," ಎಂದಳು ಮೆಲ್ಲಗೆ. "ಮಣ್ಣನ್ನ ಕೇಳಿದ್ರಿ, ಕಣ್ಣಿಗೆ ಕಾಣದ ಹುಳಾನ ಕೇಳಿದ್ರಿ. ಎದುರಿಗೆ ಕೂತು ಸಕ್ಕರೆ ಹಾಕ್ಕೊಡೋಳನ್ನ 'ಅಲ್ಲಿ ನೀವೇನ್ಮಾಡ್ತೀರಿ' ಅಂತ ಒಂದ್ಸಲ ಕೇಳೋಕೆ ಬಾಯೇನು ಹೆಪ್ಪುಗಟ್ಟಿತ್ತಾ? ವಾಸಿಲಿ ಊಟ ಇನ್ನು ಹದಿನೆಂಟು ದಿನ. ಬೇಲಿ ತೆಗೀರಿ."

ಬೇಲಿ ಬೇಡವೆನ್ನುವವರಿಗೆ ಕೈಯೆತ್ತಲು ಹೇಳಿದ ಎವೊನ್. ಎಲ್ಲ ಕೈಗಳೂ ಎದ್ದವು.

ತೆಗೆಯುವುದು ಹೇಳಿದಷ್ಟು ಸಲೀಸಾಗಿರಲಿಲ್ಲ. ಬೇಸಿಗೆಯಲ್ಲೂ ಕರಗದ ಆಳಕ್ಕೆ ಕೊರೆದು ನೆಟ್ಟಿದ್ದ ಕಂಬಗಳನ್ನು ನೆಲ ಕಚ್ಚಿಹಿಡಿದಿತ್ತು. ಎರಡು ದಿನ ಎಳೆದರೂ ಒಂದೂ ಅಲುಗಲಿಲ್ಲ. ವಿಮಾನದಲ್ಲಿ ಯಂತ್ರ ತರಿಸುತ್ತೇನೆ, ಎರಡು ವಾರವಾದೀತು ಎಂದ ಹಾಲ್ವರ್ಸನ್. ಅಷ್ಟರಲ್ಲಿ ಮೇಲಿನ ಮಣ್ಣೂ ಕಲ್ಲಾಗುತ್ತಿತ್ತು. ಮಾರನೆಯ ಬೆಳಿಗ್ಗೆ ಮಾತ್ರೋನಾ ವಾಸಿಲಿಯ ಗರಗಸ ಹಿಡಿದು ಬಂದಳು.

"ಅಲ್ಯೂಮಿನಿಯಂ ಕಂಬ... ಬಹಳ ಬೆಲೆಬಾಳೋದು," ಎಂದ ಹಾಲ್ವರ್ಸನ್.

"ಹಾಗಾದ್ರೆ ಗಟ್ಟಿಯಾಗಿ ಹಿಡ್ಕೊಳ್ಳಿ. ಅಲ್ಲಾಡಿದ್ರೆ ಅಡ್ಡಾದಿಡ್ಡಿ ಕತ್ತರಿಸಿಹೋಗುತ್ತೆ."

ಅವನು ಮಂಡಿಯೂರಿ ಹಿಡಿದುಕೊಂಡ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಕಂಬ ಉರುಳಿದವು. ಅವಳ ಸಿಟ್ಟು ಒಂದು ಕಂಬದಷ್ಟೂ ಇಳಿದಿರಲಿಲ್ಲ. ಬೂಟಿನ ಹಿಮ್ಮಡಿಯಿಂದ ನೆಲವನ್ನು ಒತ್ತಿ ಇಲಿಗಳ ಕಣಜ ಹುಡುಕುತ್ತ ನಡೆದಳು. ಗಟ್ಟಿ. ಅಲ್ಲೂ ಗಟ್ಟಿ. ಹಳ್ಳದ ಅಂಚಿನಲ್ಲಿ ಹಿಮ್ಮಡಿ ಮೆತ್ತಗೆ ಒಳಗಿಳಿಯಿತು. ಅವಳು ಕೂತು, ಪಾಚಿಯನ್ನು ಕಂಬಳಿಯಂತೆ ಮಗುಚಿದಳು. ಒಳಗೆ ಬೇರುಗಳು, ತೊಳೆದಿಟ್ಟಷ್ಟು ಶುಭ್ರ.

ಹಾಲ್ವರ್ಸನ್ ಹತ್ತಿರ ಬಂದ. "ನಾನೊಂದ್ಸಲ ನೋಡ್ಬಹುದಾ?"

"ನೋಡಿ," ಎಂದಳು ತಲೆಯೆತ್ತದೆ. "ಅಲ್ಲೇ ನಿಂತ್ಕೊಂಡು."