ಬಾಗಿಲು ಡ್ಯೂಟಿ

ಹೋದ ತಿಂಗಳು ಒಂದು ಭಾನುವಾರ ನಮ್ಮ ಕಾಫಿ ಕಣದಲ್ಲಿ ಗಡಿಯಾರದ ವಿಷಯಕ್ಕೆ ದೊಡ್ಡ ಜಗಳವಾಯಿತು. ಗಡಿಯಾರ ಇನ್ನೂ ಅಂಗಡಿಯಲ್ಲೇ ಇತ್ತು, ಅದು ಬೇರೆ ಮಾತು.

ಜಗಳವಾಡಿದ್ದು ನನ್ನ ಮಗಳು ಮಾನ್ಯ ಮತ್ತು ಅವಳ ಕ್ಲಾಸಿನವರು. ಮೂಡಿಗೆರೆ ಹತ್ತಿರದ ನಮ್ಮೂರ ಹೈಸ್ಕೂಲಿನ ಹತ್ತನೇ ಕ್ಲಾಸು. ಸೆಂಡ್ ಆಫ್ ಹತ್ತಿರ ಬಂದಿತ್ತು. ಹೋಗುವ ಬ್ಯಾಚು ಶಾಲೆಗೊಂದು ನೆನಪಿನ ಕಾಣಿಕೆ ಕೊಡಬೇಕು, ಅದು ಪದ್ಧತಿ. ಕಾಣಿಕೆ ಗೋಡೆ ಗಡಿಯಾರವೇ ಆಗಿರಬೇಕು, ಅದೂ ಪದ್ಧತಿ. (ಯಾರು ಮಾಡಿದ್ದು ಅಂತ ಕೇಳಬೇಡಿ. ಪದ್ಧತಿಗೆ ಅಪ್ಪ ಅಮ್ಮ ಇರುವುದಿಲ್ಲ.) ಹಾಗಾಗಿ ಸ್ಟಾಫ್ ರೂಮಿನ ಗೋಡೆ ತುಂಬ ಗಡಿಯಾರಗಳು. ಒಂದು ಹತ್ತೂವರೆ ಎನ್ನುತ್ತದೆ, ಪಕ್ಕದ್ದು ನಾಲ್ಕು ಎನ್ನುತ್ತದೆ, ಇನ್ನೊಂದು ಸೆಲ್ ಮುಗಿದು ಮೌನವ್ರತ ಹಿಡಿದಿದೆ. ಪ್ಯೂನ್ ಮೊಬೈಲ್ ನೋಡಿಕೊಂಡು ಬೆಲ್ ಹೊಡೆಯುತ್ತಾರೆ.

"ಈ ಸಲ ದೊಡ್ಡದು ಕೊಡಾಣ, ಪೆಂಡುಲಮ್ ಇರೋದು," ಎಂದ ಪ್ರಣಾಮ್. ಅವನು ಕ್ಲಾಸ್ ಲೀಡರು, ಪೇಟೆಯ ಹಾರ್ಡ್‌ವೇರ್ ಅಂಗಡಿಯವರ ಮಗ.

"ಎಂಥ ಮಾರಾಯ ನೀನು! ಮೊಳೆ ಹೊಡಿಯೋಕೆ ಜಾಗ ಎಲ್ಲಿದೆ ಅಲ್ಲಿ?" ಎಂದಳು ನನ್ನ ಮಗಳು.

ಕಣದಲ್ಲಿ ರೊಬಸ್ಟಾ ಕಾಫಿ ಒಣಗುತ್ತಿತ್ತು. ಬರಿಗಾಲಲ್ಲಿ ಓಡಾಡಿ ಅದನ್ನು ತಿರುವಿ ಹಾಕಿದವರಿಗೆ ಮಾತ್ರ ಶರಬತ್ತು ಎಂದು ನಾನು ಮೊದಲೇ ಹೇಳಿಬಿಟ್ಟಿದ್ದೆ. (ಆಳು ಸಿಗದ ಕಾಲ. ಸಿಕ್ಕವರನ್ನು ಬಿಡುವುದುಂಟೇ?) ಮಕ್ಕಳು ಕಾಫಿ ತಿರುವುತ್ತಾ ಜಗಳವಾಡಿದರು, ಜಗಳವಾಡುತ್ತಾ ಕಾಫಿ ತಿರುವಿದರು. ಕೊನೆಗೆ ನಾನೇ ಮಧ್ಯೆ ಬಾಯಿ ಹಾಕಿದೆ. "ಮೂರು ವರ್ಷ ಓದಿದ್ರಲ್ಲ, ನಿಮಗೆ ಜಾಸ್ತಿ ನೆನಪಿರೋದು ಏನು? ಅದಕ್ಕೆ ತಕ್ಕ ಹಾಗೆ ಏನಾದ್ರೂ ಕೊಡಿ."

ಹುಡುಗರು ಕಬಡ್ಡಿ ಎಂದರು. ಟ್ರಿಪ್ಪಿಗೆ ಹೋದಾಗ ಹೊರನಾಡಿನಲ್ಲಿ ಮಾಡಿದ ಊಟ ಎಂದರು. ಹುಡುಗಿಯರು ಮಾತ್ರ ಮುಖ ಮುಖ ನೋಡಿಕೊಂಡು ಕಿಸಕ್ಕೆಂದರು.

"ಬಾಗ್ಲು," ಎಂದಳು ಒಬ್ಬಳು.

"ಯಾವ ಬಾಗಿಲು?"

ಮತ್ತೆ ನಗು. ಆಮೇಲೆ ನಿಧಾನಕ್ಕೆ ಹೊರಬಿತ್ತು ವಿಷಯ. ಹುಡುಗಿಯರ ಟಾಯ್ಲೆಟ್ಟಿನ ಬಾಗಿಲು.

ಆ ಬಾಗಿಲಿಗೆ ಮರ ದಾನ ಕೊಟ್ಟವರು ಊರಿನ ಹಿರಿಯ ಪ್ಲಾಂಟರ್ ಗೌಡರು. ಒಳ್ಳೆಯ ಮರ, ಆದರೆ ಹಸಿ. ಬೇಸಿಗೆಯಲ್ಲಿ ತಂದು ಕೂರಿಸಿದರು. ಜೂನ್ ಬಂತು, ಬಾಗಿಲು ಉಬ್ಬಿತು, ಮುಚ್ಚಲಿಲ್ಲ. ಅಂಚು ಕೀಸಿದರು. ಮಳೆ ಹೋಯಿತು, ಮರ ಒಣಗಿ ಕುಗ್ಗಿತು, ಚಿಲಕ ತೂತಿನವರೆಗೆ ಮುಟ್ಟಲೇ ಇಲ್ಲ. ನಮ್ಮ ಕಡೆ ಮನೆ ಕಟ್ಟಿಸಿದವರಿಗೆಲ್ಲ ಈ ಕಥೆ ಗೊತ್ತು. ಗೊತ್ತಿದ್ದೂ ಶಾಲೆಗೆ ಹೀಗೇ ಮಾಡುತ್ತೇವೆ.

ಹಾಗಾಗಿ ಹುಡುಗಿಯರು ತಾವೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ಹೆಸರು ಬಾಗಿಲು ಡ್ಯೂಟಿ. ಒಬ್ಬಳು ಒಳಗೆ, ಒಬ್ಬಳು ಹೊರಗೆ ಬಾಗಿಲು ಹಿಡಿದುಕೊಂಡು. ಬೆಸ್ಟ್ ಫ್ರೆಂಡ್ ಎಂದರೆ ಯಾರು? ನಿನ್ನ ಬಾಗಿಲು ಹಿಡಿಯುವವಳು. ಟೂ ಬಿಟ್ಟರೆ? ಬಾಗಿಲಿಲ್ಲ. ಸಂಜೆಯೊಳಗೆ ರಾಜಿಯಾಗಲೇಬೇಕು. ನಾನೂ ನಕ್ಕೆ. ಎಷ್ಟು ಸಂಸಾರಗಳು ಇದಕ್ಕಿಂತ ಸಣ್ಣ ಕಾರಣಕ್ಕೆ ಮುರಿಯದೆ ನಿಂತಿಲ್ಲ ಹೇಳಿ?

ಸಿಂಚನ ನಗಲಿಲ್ಲ.

ಈ ಹುಡುಗಿ ಕಳಸದ ಕಡೆಯವಳು. ಅಪ್ಪ ಎಸ್ಟೇಟಿನಲ್ಲಿ ರೈಟರ್, ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಅವರಿಗೆ ನಮ್ಮೂರ ಎಸ್ಟೇಟಿನಲ್ಲಿ ಕೆಲಸ ಸಿಕ್ಕಿ, ಇವಳು ಎಂಟನೇ ಕ್ಲಾಸಿಗೆ ಇಲ್ಲಿ ಸೇರಿದಳು. ಯಾರ ಪರಿಚಯವೂ ಇಲ್ಲ.

"ನಂಗೆ ಬಾಗ್ಲು ಹಿಡಿಯೋಕೆ ಯಾರೂ ಇರ್ಲಿಲ್ಲ ಆಂಟಿ," ಎಂದಳು. "ಕೇಳೋಕೆ ನಾಚಿಕೆ. ಅದಕ್ಕೆ ನೀರೇ ಕುಡೀತಿರ್ಲಿಲ್ಲ. ಬಾಟ್ಲಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಹೋಗೋದು. ನೀರು ಕುಡಿಯೋಕೂ ಸೋಮಾರಿತನನಾ ಅಂತ ಅಮ್ಮ ಬೈಯೋರು."

"ಆಮೇಲೆ?"

"ಉರಿ ಶುರುವಾಯ್ತು. ಜ್ವರ ಬಂತು. ಡಾಕ್ಟ್ರು ನೀರು ಕುಡಿ ಅಂದ್ರು. ಶಾಲೇಲಿ ಕುಡಿಯೋದು ಹೇಗೆ ಅಂತ ಅವ್ರ ಹತ್ರ ಹೇಳೋಕಾಗ್ತದಾ? ವಾಪಸ್ ಬಂದ ದಿನ ಮಾನ್ಯ ತಾನಾಗೇ ಬಂದು, ನಡಿ, ನಾನು ನಿಲ್ತೀನಿ ಅಂದ್ಲು."

ನಾನು ಮಗಳನ್ನು ನೋಡಿದೆ. ಅವಳು ಬೇಕೆಂದೇ ತಲೆ ತಗ್ಗಿಸಿ ಕಾಲಿನಿಂದ ಕಾಫಿ ಸರಿಸುತ್ತಿದ್ದಳು. ನನಗೆ ಅವಳ ಮೇಲೆ ಹೆಮ್ಮೆಯಾಯಿತು, ಜೊತೆಗೆ ಯಾರ ಮೇಲೆಂದು ಗೊತ್ತಾಗದ ಸಿಟ್ಟೂ ಬಂತು. ಪೇರೆಂಟ್ಸ್ ಮೀಟಿಂಗಿನಲ್ಲಿ ನಾವು ಮಾತಾಡುವುದೇನು? ಗಣಿತದಲ್ಲಿ ಯಾಕೆ ಕಮ್ಮಿ, ಸ್ಮಾರ್ಟ್ ಕ್ಲಾಸ್ ಯಾವಾಗ, ಗೇಟಿಗೆ ಯಾವ ಬಣ್ಣ. ಮಗು ದಿನವಿಡೀ ನೀರು ಕುಡಿಯಿತೋ ಇಲ್ಲವೋ ಎನ್ನುವುದು ಯಾವ ಅಜೆಂಡಾದಲ್ಲೂ ಬರುವುದಿಲ್ಲ.

ಪ್ರಣಾಮ್ ಕಾಫಿ ತಿರುವುವುದನ್ನು ನಿಲ್ಲಿಸಿ ಹೇಳಿದ, "ನೀವು ಯಾವಾಗ್ಲೂ ಇಬ್ಬಿಬ್ರೇ ಹೋಗೋದು ನೋಡಿ, ಗಾಸಿಪ್ ಮಾಡೋಕೆ ಹೋಗ್ತೀರಿ ಅಂದ್ಕೊಂಡಿದ್ವಿ." ಪಾಪ, ಅವನ ಮುಖ ನಿಜಕ್ಕೂ ಸಣ್ಣಗಾಗಿತ್ತು.

"ಜೂನಲ್ಲಿ ನನ್ ತಂಗಿ ಎಂಟನೇ ಕ್ಲಾಸಿಗೆ ಬರ್ತಾಳೆ," ಎಂದಳು ಸಿಂಚನ. "ನಾನು ಇರಲ್ಲ. ಮಾನ್ಯನೂ ಇರಲ್ಲ."

ಅಲ್ಲಿಗೆ ಗಡಿಯಾರದ ಜಗಳ ಮುಗಿಯಿತು. ಹೊಸ ಬಾಗಿಲು ಕೊಡುವುದೆಂದಾಯಿತು. ಮರದ್ದು ಬೇಡ, ಮಳೆಗೆ ಉಬ್ಬದ ಫೈಬರಿನದು ಸಾಕು, ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ ಎಂದ ಪ್ರಣಾಮ್.

ಹೆಡ್‌ಮಾಸ್ಟರು ಒಪ್ಪಲಿಲ್ಲ. ಕೆಟ್ಟವರಲ್ಲ ಅವರು. ಬಸ್ಸು ತಪ್ಪಿದ ಮಕ್ಕಳನ್ನು ತಮ್ಮ ಸ್ಕೂಟರಿನಲ್ಲಿ ಮನೆಗೆ ಬಿಟ್ಟು ಬರುವಂಥವರು. ಆದರೆ ಅವರ ಕಷ್ಟ ಬೇರೆ. "ಬಾಗ್ಲನ್ನ ಸ್ಟೇಜ್ ಮೇಲೆ ಹೇಗಮ್ಮ ಕೊಡ್ತೀರಿ? ಅದೂ ಈ ವರ್ಷ ಚೀಫ್ ಗೆಸ್ಟ್ ಗೌಡ್ರೇ. ಅವ್ರು ಕೊಟ್ಟ ಮರ ಸರಿಯಿಲ್ಲ ಅಂತ ಅವ್ರ ಮುಂದೇನೇ ಹೇಳೋಕಾಗುತ್ತಾ? ಮುಂದಿನ ವರ್ಷ ನೋಡೋಣ. ಈಗ ಒಂದು ಗಡಿಯಾರ ತಂದ್ಬಿಡಿ."

ಮಕ್ಕಳು "ಸರಿ ಸರ್" ಎಂದರು. ಇಷ್ಟು ಬೇಗ "ಸರಿ ಸರ್" ಎನ್ನುವ ಮಕ್ಕಳನ್ನು ಯಾವತ್ತೂ ನಂಬಬೇಡಿ.

ಸೆಂಡ್ ಆಫ್ ದಿನ ನಾನೂ ಹೋಗಿದ್ದೆ. ಪ್ರಾರ್ಥನೆ, ಸ್ವಾಗತ, ಪ್ಲಾಸ್ಟಿಕ್ ಚೇರು, ಕೇಸರಿಭಾತು, ಎಲ್ಲ ನಿಮಗೆ ಗೊತ್ತಿರುವುದೇ. ನೆನಪಿನ ಕಾಣಿಕೆಯ ಸರದಿ ಬಂತು. ಮಿರುಗುವ ಕಾಗದ ಸುತ್ತಿದ ಚೌಕ ಡಬ್ಬಿ. ಹೆಡ್‌ಮಾಸ್ಟರು ನೆಮ್ಮದಿಯಿಂದ ಫೋಟೋಗೆ ಸಿದ್ಧರಾದರು. ಗೌಡರು ಕಾಗದ ಬಿಚ್ಚಿದರು. ಗಡಿಯಾರದ ಡಬ್ಬಿಯೇ. ಮುಚ್ಚಳ ತೆಗೆದರು.

ಒಳಗಿದ್ದದ್ದು ಒಂದು ಸ್ಟೀಲ್ ಚಿಲಕ.

"ಇದೆಂಥದು ಮಾರಾಯ್ರೆ?" ಎಂದರು ಗೌಡರು, ಮೈಕಿನಲ್ಲೇ.

ಕಾರ್ಯಕ್ರಮದ ಪ್ರಕಾರ ಮುಂದಿನದು ವಿದ್ಯಾರ್ಥಿಗಳ ಅನಿಸಿಕೆ, ಮಾತಾಡಬೇಕಿದ್ದವಳು ಸಿಂಚನ. ಅವಳು ಗುರುಗಳಿಗೆ ನಮಸ್ಕಾರ ಹೇಳಿದಳು. ಆಮೇಲೆ ಬಾಗಿಲಿನ ಕಥೆ ಹೇಳಿದಳು. ನೀರು ಕುಡಿಯದೇ ಇದ್ದದ್ದು, ಜ್ವರ ಬಂದದ್ದು, ಮಾನ್ಯ ನಿಂತದ್ದು. ಅಲಂಕಾರವಿಲ್ಲ, ಅಳುವಿಲ್ಲ. "ಈ ಶಾಲೇಲಿ ನಂಗೆ ಪಾಠ ಹೇಳ್ಕೊಟ್ಟವ್ರು ತುಂಬಾ ಜನ ಇದ್ದಾರೆ, ಯಾರನ್ನೂ ಮರೆಯಲ್ಲ. ಜೂನಲ್ಲಿ ನನ್ ತಂಗಿ ಬರ್ತಾಳೆ. ಅವಳ ಬಾಗ್ಲು ಯಾರು ಹಿಡೀತಾರೆ ಸರ್?"

ಮೊದಲು ಚಪ್ಪಾಳೆ ಹೊಡೆದವರು ಒಂಬತ್ತನೇ ಕ್ಲಾಸಿನ ಹುಡುಗಿಯರು. ಅವರಿಗಿನ್ನೂ ಒಂದು ವರ್ಷದ ಡ್ಯೂಟಿ ಬಾಕಿ ಇತ್ತಲ್ಲ. ಆಮೇಲೆ ಹಿಂದೆ ಕೂತಿದ್ದ ತಾಯಂದಿರು. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಎಲ್ಲರೂ ಗೌಡರನ್ನೇ ನೋಡುತ್ತಿದ್ದರು.

ಗೌಡರು ಚಿಲಕವನ್ನು ಕೈಯಲ್ಲಿ ತಿರುಗಿಸಿ ನೋಡಿ ಮೈಕಿನ ಹತ್ತಿರ ಬಂದರು. ಎಪ್ಪತ್ತು ದಾಟಿದ ಹಿರಿಯರು. ಬರೆದುಕೊಂಡು ಬಂದಿದ್ದ ಭಾಷಣ ಜೇಬಿನಲ್ಲೇ ಉಳಿಯಿತು.

"ನಮ್ ಮನೆ ಬಾಗ್ಲಿಗೆ ಮರ ಕೊಯ್ಸಿ ಎರಡು ವರ್ಷ ಒಣಗಿಸಿದ್ದೆ," ಎಂದರು. "ಶಾಲೆಗೆ ಹಸೀದೇ ಕೊಟ್ಟೆ. ತಪ್ಪು ಅಂತ ನಂಗೆ ಆವತ್ತೇ ಗೊತ್ತಿತ್ತು. ಹೆಣ್ಮಕ್ಳು ಹಿಡ್ಕೊಂಡು ನಿಲ್ತಾರೆ ಅಂತ ಗೊತ್ತಿರ್ಲಿಲ್ಲ." ಅಷ್ಟು ಹೇಳಿ ಕೂತರು. ನಾನು ಕೇಳಿದ ಅತ್ಯಂತ ಚಿಕ್ಕ ಚೀಫ್ ಗೆಸ್ಟ್ ಭಾಷಣ ಅದು. ಅತ್ಯಂತ ಒಳ್ಳೆಯದೂ ಹೌದು.

ಬಾಗಿಲು ಹೋದ ಶನಿವಾರ ಕೂತಿತು. ಫೈಬರಿನದು, ನೀಲಿ ಬಣ್ಣ, ಪ್ರಣಾಮನ ಅಪ್ಪನ ಅಂಗಡಿಯದೇ. ಸಿಂಚನ ತಂಗಿಯನ್ನು ಕರೆದುಕೊಂಡು ಹೋಗಿ ಒಳಗಿನಿಂದ ಚಿಲಕ ಹಾಕಿಸಿ, ತೆಗೆಸಿ, ಮತ್ತೆ ಹಾಕಿಸಿ ನೋಡಿ ಬಂದಳಂತೆ. ಒಂಬತ್ತನೇ ಕ್ಲಾಸಿನವರು ಈಗಲೂ ಇಬ್ಬಿಬ್ಬರೇ ಹೋಗುತ್ತಾರೆ. ಕೇಳಿದರೆ ಅಭ್ಯಾಸ ಎನ್ನುತ್ತಾರೆ. ಈಗ ಮಾತ್ರ ನಿಜವಾಗಿಯೂ ಗಾಸಿಪ್ ಮಾಡುವುದಕ್ಕೇ ಇರಬೇಕು.

ಕಾಣಿಕೆ, ಭಾಷಣ, ಗ್ರೂಪ್ ಫೋಟೋ ಎಲ್ಲ ಇರಲಿ. ನಿಮ್ಮನ್ನು ಒಂದೇ ಒಂದು ಮಾತು ಕೇಳುತ್ತೇನೆ. ಸಂಜೆ ಶಾಲೆಯಿಂದ ಬಂದ ನಿಮ್ಮ ಮಗಳ ನೀರಿನ ಬಾಟಲಿಯನ್ನು ಯಾವತ್ತಾದರೂ ಎತ್ತಿ ನೋಡಿದ್ದೀರಾ?