ಡ್ರಮ್ಮುಗಳ ಸುತ್ತ ಗಂಗಣ್ಣನ ಎತ್ತುಗಳು

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತಿಪಟೂರಿನಲ್ಲಿ ನಾಲ್ಕು ರಸ್ತೆ ಕೂಡುವ ಒಂದು ಕಡೆ, ನಟ್ಟನಡುವೆ, ಮಣ್ಣು ತುಂಬಿದ ಟಾರು ಡ್ರಮ್ಮುಗಳನ್ನು ದುಂಡಗೆ ಜೋಡಿಸಿದ್ದ ಬೇಸಿಗೆ ಅದು. ನಾನು ಆಗ ಜಿಲ್ಲೆಯ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ.

ಹಿಂದಿನ ವರ್ಷ ಅದೇ ಜಾಗದಲ್ಲಿ ಲಾರಿಯೊಂದು ಕೊಬ್ಬರಿ ಹೇರಿದ ಎತ್ತಿನ ಗಾಡಿಗೆ ಗುದ್ದಿತ್ತು. ಗಾಡಿಯಲ್ಲಿದ್ದ ನಂಜುಂಡ ಎಂಬಾತ ಸ್ಥಳದಲ್ಲೇ ತೀರಿಕೊಂಡ. ಪೊಲೀಸರು ಹೇಳಿದ್ದನ್ನು ನಾಲ್ಕು ಸಾಲು ಬರೆದು ಕಳಿಸಿದ್ದೆ. ‘ಗಾಡಿಯವನು ನಿದ್ದೆ ಮಾಡುತ್ತಿದ್ದುದೇ ಅಪಘಾತಕ್ಕೆ ಕಾರಣ’ ಎಂಬುದು ಕೊನೆಯ ಸಾಲು. ಆಮೇಲೆ ಅದನ್ನು ಮರೆತೂಬಿಟ್ಟಿದ್ದೆ.

ಹೊಸದಾಗಿ ಬಂದಿದ್ದ ಇಂಜಿನಿಯರು ಅಲ್ಲೊಂದು ಸರ್ಕಲ್ ಕಟ್ಟಬೇಕೆಂದು ಹಟ ಹಿಡಿದರು. ಸುತ್ತಿಕೊಂಡೇ ಹೋಗಬೇಕಾದರೆ ಲಾರಿಗಳು ತಾವಾಗಿ ನಿಧಾನವಾಗುತ್ತವೆ ಎಂಬುದು ಅವರ ವಾದ. ಕಲ್ಲು ಕಟ್ಟಡಕ್ಕೆ ಮೊದಲು ಡ್ರಮ್ಮಿಟ್ಟು ನೋಡಿ ಎಂದು ಪುರಸಭೆಯವರು ಒಪ್ಪಿದರು. ನಾಲ್ಕೂ ಕಡೆ ಬಾಣದ ಗುರುತಿನ ಬೋರ್ಡು ನೆಟ್ಟರು.

ಮೊದಲ ಸಂತೆಯ ಬೆಳಗ್ಗೆಯೇ ಎಲ್ಲ ಕೆಟ್ಟಿತು. ತುರುವೇಕೆರೆ ಕಡೆಯಿಂದ ಬಂದ ಕೊಬ್ಬರಿ ಗಾಡಿಗಳು ಎಡಕ್ಕೆ ಹಿಡಿದು ಸುತ್ತಲಿಲ್ಲ. ಎಂದಿನಂತೆ ಸೀದಾ ಬಲಕ್ಕೆ, ಕೊಬ್ಬರಿ ಮಂಡಿಯ ರಸ್ತೆಗೆ ತಿರುಗಿ, ಡ್ರಮ್ಮುಗಳ ತಪ್ಪು ಮಗ್ಗುಲಿಗೆ ನುಗ್ಗಿ, ಎದುರು ಬಂದ ಬಸ್ಸಿಗೆ ಮುಖಾಮುಖಿ ನಿಂತವು. ಒಂದರ ಹಿಂದೆ ಒಂದು, ಹದಿನಾರು ಗಾಡಿ. ಬಿಡಿಸುವಷ್ಟರಲ್ಲಿ ಬಿಸಿಲೇರಿತ್ತು. ಮುಂದಿನ ಸಂತೆಗೂ ಹೀಗಾದರೆ ಡ್ರಮ್ಮು ಎತ್ತಿಸುತ್ತೇವೆ ಎಂದು ಪುರಸಭೆಯ ಅಧ್ಯಕ್ಷರು ಹೇಳಿ ಹೋದರು.

“ಬೋರ್ಡು ಇಷ್ಟು ದೊಡ್ಡದಾಗಿದೆ. ನೋಡೋದೇ ಇಲ್ವಲ್ರೀ ಇವರು!” ಎಂದರು ಇಂಜಿನಿಯರು.

ಪಕ್ಕದಲ್ಲಿ ಚೀಲ ಹೊರುತ್ತಿದ್ದ ಹಮಾಲಿ ನಕ್ಕ. “ಗಾಡಿ ಮ್ಯಾಲಿರೋರು ನಿದ್ದೇಲವ್ರೆ ಸ್ವಾಮಿ. ಎತ್ತಿಗೆ ಓದೋಕೆ ಬತ್ತದಾ? ಮುಂದ್ಲ ಗಾಡಿ ಎತ್ಲಾಗೆ ಹೋದ್ರೆ ಹಿಂದ್ಲವೂ ಅತ್ಲಾಗೆ.”

ಇಷ್ಟು ವರ್ಷ ಈ ಊರಿನಲ್ಲಿದ್ದು ನಾನು ಗಮನಿಸದಿದ್ದ ವಿಷಯ ಅದು. ಹಳ್ಳಿಯವರು ಕೋಳಿ ಕೂಗುವ ಮುಂಚೆ ಗಾಡಿ ಕಟ್ಟುತ್ತಾರೆ. ದಾರಿ ಬಲ್ಲ ಎತ್ತುಗಳ ಜೋಡಿ ಮುಂದೆ. ಚೀಲದ ಮೇಲೆ ಕಂಬಳಿ ಹೊದ್ದು ಎಲ್ಲರೂ ಮಲಗುತ್ತಾರೆ. ಮಂಡಿಯ ಬಾಗಿಲಲ್ಲಿ ಎತ್ತು ನಿಂತಾಗಲೇ ಎಚ್ಚರ. ಅವರ ತಂದೆ, ತಾತಂದಿರು ಬಂದದ್ದೂ ಹೀಗೆಯೇ.

ಮುಂದಲ ಗಾಡಿ ಗಂಗಣ್ಣ ಎಂಬಾತನದು ಎಂದು ತಿಳಿಯಿತು. ದಬ್ಬೇಘಟ್ಟದ ಬಸ್ಸು ಹತ್ತಿ, ನಡುದಾರಿಯಲ್ಲಿ ಇಳಿದು, ಇಂಜಿನಿಯರೂ ನಾನೂ ಅವನ ಹಳ್ಳಿಗೆ ಹೋದೆವು. ಗಂಗಣ್ಣ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ. ಸಂತೆಗೆ ಮುಂಚೆ ಎತ್ತುಗಳನ್ನು ತಂದರೆ ಡ್ರಮ್ಮು ಸುತ್ತುವುದನ್ನು ರೂಢಿ ಮಾಡಿಸೋಣ ಎಂದು ಇಂಜಿನಿಯರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದ.

“ತಾವೇ ಅಲ್ವಾ ಪೇಪರ್ನೋರು? ನಂಜುಂಡ ನನ್ನ ತಮ್ಮ ಕಣ್ರೀ.”

ಹೌದೆಂದು ತಲೆಯಾಡಿಸಿದೆ.

“ಮಲಗಿ ಸತ್ತ ಅಂತ ಬರೆದ್ರಿ. ಊರೆಲ್ಲ ಅದನ್ನೇ ಹೇಳ್ತು. ಅವನ ಹೆಂಡ್ರು ಸೇದೋ ಬಾವಿ ತಾವ್ಕೆ ಹೋದ್ರೆ, ನಿದ್ದೆಗಣ್ಣನ ಹೆಂಡ್ರು ಬಂದ್ಳು ಅಂತಾರೆ.”

“ಅವರು ಮಲಗಿದ್ದು ನಿಜ ಅಲ್ವಾ ಗಂಗಣ್ಣ?” ಎಂದೆ. ಈಗ ನೆನೆದರೆ ಆ ಹೊತ್ತಿಗೆ ಕೇಳಬಾರದಿತ್ತು ಅನ್ನಿಸುತ್ತದೆ.

“ಮಲಗಿದ್ದ. ಮುಂದಿನ ಗಾಡೀಲಿ ನಾನೂ ಮಲಗಿದ್ದೆ. ನಾನು ದಾಟ್ದೆ, ಅವನು ದಾಟ್ಲಿಲ್ಲ.” ಮತ್ತೊಂದು ಕಾಯಿ ಸುಲಿದು ಎಸೆದ. “ಎತ್ತು ಹೊಡ್ಕೊಂಬತ್ತೀನಿ ಬುಡಿ. ಆದ್ರೆ ಸಂತೆ ದಿನ ನಂಜುಂಡ ಮಲಗಿದ್ದಂಗೇ ಮಲಗ್ತೀನಿ. ಏಳಾಕಿಲ್ಲ. ನಾನು ಉಳಕೊಂಡ್ರೆ, ತಪ್ಪು ನಿದ್ದೇದಲ್ಲ ಅಂತ ನೀವು ಬರೀಬೇಕು.”

ಇಂಜಿನಿಯರು ಬೇಡವೆಂದರು. ಗಂಗಣ್ಣ ಕೇಳಲಿಲ್ಲ. ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ ಎಂದಷ್ಟೇ ನಾನು ಮಾತು ಕೊಟ್ಟೆ.

ಸಂತೆಯ ಹಿಂದಿನ ದಿನ ಅವನು ಖಾಲಿ ಗಾಡಿ ತಂದ. ಇಂಜಿನಿಯರು ಪ್ಯಾಂಟು ಮಡಚಿ, ಒಂದು ಹೊರೆ ಹಸಿ ಹುಲ್ಲು ಹಿಡಿದು ಮುಂದೆ ನಡೆದರು. ಎತ್ತುಗಳು ಹುಲ್ಲಿಗೆ ಮೂತಿ ಚಾಚುತ್ತ ಹಿಂದೆ. ಎಡಕ್ಕೆ ಹಿಡಿದು, ಡ್ರಮ್ಮುಗಳನ್ನು ಬಳಸಿ, ಮಂಡಿ ರಸ್ತೆಗೆ. ಮತ್ತೆ ಮೊದಲಿನಿಂದ. ಹೋಟೆಲಿನ ಮುಂದೆ ಜನ ನೆರೆದರು.

“ಏನ್ ಸ್ವಾಮಿ, ಗಾಣ ಹೂಡಿದ್ದೀರಾ?”

“ಎಣ್ಣೆ ಎಷ್ಟು ಇಳೀತು ಕೇಳ್ಲಾ!”

ಇಂಜಿನಿಯರ ಕಿವಿ ಕೆಂಪಗಾಗಿತ್ತು. ಆದರೂ ಬಿಸಿಲು ಇಳಿಯುವವರೆಗೆ ನಿಲ್ಲಿಸಲಿಲ್ಲ. ಕೊನೆಕೊನೆಗೆ ಹುಲ್ಲಿಲ್ಲದೆಯೂ ಎತ್ತುಗಳು ತಾವೇ ಎಡಕ್ಕೆ ವಾಲತೊಡಗಿದವು.

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ನಾನು, ಇಂಜಿನಿಯರು ಡ್ರಮ್ಮುಗಳ ಹತ್ತಿರ ನಿಂತಿದ್ದೆವು. ದೂರದಲ್ಲಿ ಕೊರಳ ಗಂಟೆ ಕೇಳಿಸಿತು. ಗಂಗಣ್ಣ ಹೇಳಿದಂತೆಯೇ ಚೀಲಗಳ ಮೇಲೆ ಕಂಬಳಿ ಹೊದ್ದು ಮಲಗಿದ್ದ. ಹಗ್ಗ ಸಡಿಲವಾಗಿ ಗಾಡಿಯ ಮೂಕಿಮರದ ಮೇಲೆ ಬಿದ್ದಿತ್ತು. ಅದೇ ಹೊತ್ತಿಗೆ ಎದುರು ರಸ್ತೆಯಿಂದ ಒಂದು ಲಾರಿ, ಹಾರನ್ ಹೊಡೆಯುತ್ತ, ಬಂತು.

ಇಂಜಿನಿಯರು ಓಡಲು ಹೆಜ್ಜೆ ಎತ್ತಿದರು. ಓಡಿದ್ದರೆ ಎತ್ತು ಬೆದರುತ್ತಿದ್ದವು. ನಾನು ಅವರ ತೋಳು ಹಿಡಿದೆ. ಸರಿ ಮಾಡಿದೆನೋ ಇಲ್ಲವೋ ಆ ಗಳಿಗೆಯಲ್ಲಿ ಗೊತ್ತಿರಲಿಲ್ಲ.

ಎತ್ತುಗಳು ಡ್ರಮ್ಮಿನ ಬಳಿ ಒಂದು ಕ್ಷಣ ನಿಂತವು. ಬಲಗಡೆಯ ಎತ್ತು ಹಳೆಯ ದಾರಿಯತ್ತ ಕತ್ತು ತಿರುಗಿಸಿತು. ಎಡದ್ದು ಎಡಕ್ಕೆ ಎಳೆಯಿತು. ಗಾಡಿ ಎಡಕ್ಕೆ ಹೊರಳಿ ನಿಧಾನವಾಗಿ ಸುತ್ತತೊಡಗಿತು. ಲಾರಿಯ ಮುಂದೆ ಸೀದಾ ರಸ್ತೆ ಇರಲಿಲ್ಲ, ಡ್ರಮ್ಮುಗಳಿದ್ದವು. ಬ್ರೇಕು ಕಿರುಚಿತು. ಅದರ ಮೂತಿಯಿಂದ ಎರಡು ಮಾರು ದೂರದಲ್ಲಿ ಗಂಗಣ್ಣನ ಗಾಡಿ ದಾಟಿತು. ಅದರ ಬೆನ್ನಿಗೇ ಉಳಿದ ಗಾಡಿಗಳೂ ದಾಟಿದವು. ಎಣಿಸಿದೆ, ಒಟ್ಟು ಹದಿನಾರು. ಒಂದರಲ್ಲಿ ನಿದ್ದೆ ಹೋದವನ ಕಾಲೊಂದು ಹೊರಗೆ ಜೋತಾಡುತ್ತಿತ್ತು.

“ಯಾವನ್ಲಾ ಇದ್ನ ನಡುರಸ್ತೇಲಿ ಇಟ್ಟೋನು?” ಎಂದು ಲಾರಿಯವನು ಕೂಗಿದ.

“ನಾನೇ ಕಣಪ್ಪ,” ಎಂದು ಅಲ್ಲೇ ಡ್ರಮ್ಮಿನ ಮೇಲೆ ಕೂತುಬಿಟ್ಟರು ಇಂಜಿನಿಯರು.

ಮಂಡಿಯ ಬಾಗಿಲಲ್ಲಿ ಗಂಗಣ್ಣ ಕಂಬಳಿ ಮಡಚುತ್ತಿದ್ದ. “ನಿದ್ದೆ ಬಂತಾ?” ಎಂದೆ.

“ಎಲ್ಲಿ ಬತ್ತದೆ ಸ್ವಾಮಿ. ಬ್ರೇಕ್ ಸದ್ದು ಕೇಳ್ತು. ಕಣ್ಣು ಬುಡ್ಲಿಲ್ಲ ಅಷ್ಟೆ.”

ಅವನು ನಿದ್ದೆ ಮಾಡಿದ ಎಂದು ನಾನು ಬರೆಯಲಿಲ್ಲ. ಹದಿನಾರು ಗಾಡಿ ದಾಟಿದವು, ಹಗ್ಗ ಯಾರ ಕೈಯಲ್ಲೂ ಇರಲಿಲ್ಲ, ಲಾರಿ ನಿಂತಿತು ಎಂದು ಬರೆದೆ. ಕೊನೆಗೆ, ಹಿಂದಿನ ವರ್ಷ ಇಲ್ಲಿ ತೀರಿಕೊಂಡ ನಂಜುಂಡನೂ ಎಲ್ಲ ಗಾಡಿಯವರಂತೆಯೇ ಬಂದಿದ್ದ, ಲಾರಿಯನ್ನು ತಡೆಯುವಂಥದ್ದು ಆಗ ಇಲ್ಲೇನೂ ಇರಲಿಲ್ಲ, ಅವನ ನಿದ್ದೆಯೇ ಕಾರಣ ಎಂದು ನಾನು ಬರೆದಿದ್ದು ತಪ್ಪು ಎಂದು ಸೇರಿಸಿದೆ. ಒಳಪುಟದಲ್ಲಿ ಅಚ್ಚಾಯಿತು.

ಪತ್ರಿಕೆಯನ್ನು ನಾನೇ ಅವರ ಹಳ್ಳಿಗೆ ಒಯ್ದು ಕೊಟ್ಟೆ. ನಂಜುಂಡನ ಹೆಂಡತಿಗೆ ಓದು ಬರುತ್ತಿರಲಿಲ್ಲ. ಓದಿ ಹೇಳಲೇ ಎಂದೆ.

“ಇಲ್ಲಿ ಬ್ಯಾಡಿ,” ಎಂದು ಕೊಡ ಎತ್ತಿಕೊಂಡಳು. “ಬಾವಿ ತಾವ ಓದಿ.”

ಬಾವಿಕಟ್ಟೆಯ ಬಳಿ ಏಳೆಂಟು ಹೆಂಗಸರಿದ್ದರು. ನಿಂತುಕೊಂಡು, ಜೋರಾಗಿ, ಮೊದಲಿನಿಂದ ಕೊನೆಯವರೆಗೆ ಓದಿದೆ. ಅವಳು ನೀರು ಸೇದಿಕೊಂಡು ಹೊರಟಳು.

ಸರ್ಕಲ್ ಆಮೇಲೆ ಕಲ್ಲಿನದಾಯಿತು. ನಾನು ಬರೆದ ಸುದ್ದಿಗಳಲ್ಲಿ ಹೆಚ್ಚಿನವು ನೆನಪಿಲ್ಲ. ಆ ಬಾವಿಕಟ್ಟೆಯ ಬಳಿ ‘ತಪ್ಪು’ ಎಂಬ ಪದಕ್ಕೆ ಬಂದಾಗ ನನ್ನ ದನಿ ಇಳಿದದ್ದು, “ಜೋರಾಗಿ” ಎಂದು ಅವಳು ಹೇಳಿದ್ದು ಮಾತ್ರ ಈಗಲೂ ಕೇಳಿಸುತ್ತದೆ.