ಬಳೆ ಕೊಡದ ಅಜ್ಜಿಯ ಮೊಮ್ಮಗ

ಮುಖ್ತಾರ್ ಮೊದಲ ಸಲ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಅವನಿಗೆ ಬೆಲೆ ಕಟ್ಟಿದ್ದು ಹೀಗೆ: ಬೂಟು ಒಳ್ಳೆಯದು, ಆದರೆ ಅಟ್ಟೆ ಎರಡನೆಯದು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದಿದೆ, ಅಂದರೆ ಇತ್ತೀಚೆಗೆ ಇಳಿದುಹೋದ ಆಸಾಮಿ. ಅಂಗಿಯ ಕಾಲರು ತಿರುವಿ ಹೊಲಿದದ್ದು, ಇಸ್ತ್ರಿ ಮಾತ್ರ ಆ ದಿನದ್ದೇ. ಗಿರಾಕಿಗಳು ಟವೆಲಿನ ಮುಖ ಸವರುತ್ತಾರೆ. ಇವನು ಅಂಚು ಮಗುಚಿ ಹಿಂಬದಿಯ ನೂಲು ನೋಡಿದ. ಲೆಕ್ಕ ಮುಗಿಯಿತು. ಕೊಳ್ಳುವವನಲ್ಲ, ಸರಕು ಬಲ್ಲವನು, ಚಹಾದ ಖರ್ಚು ನನ್ನ ಮೇಲೆ.

"ಈ ನೂಲು ನಮ್ಮೂರಿಂದು" ಅಂದ, ಚಹಾ ಹೀರುತ್ತ. ಅವನ ಊರು ಪಾಕಿಸ್ತಾನದ ಫೈಸಲಾಬಾದ್, ನನ್ನದು ಬುರ್ಸಾ. ಅಸಲಿ ಬುರ್ಸಾ ಟವೆಲು ಎಂದು ಬೋರ್ಡು ಹಾಕಿಕೊಂಡ ಅಂಗಡಿಯಲ್ಲಿ ಇಂಥ ಮಾತನ್ನು ಮೆಲ್ಲಗೆ ಆಡಬೇಕೆಂದು ನಾನು ತಿಳಿಹೇಳಿದೆ. ಅವನು ತಕ್ಷಣ ಅರ್ಥಮಾಡಿಕೊಂಡ. ಆಗಲೇ ನನಗೆ ಅವನ ಮೇಲೆ ಗೌರವ ಹುಟ್ಟಿತು.

ಊರಾಚೆಯ ಗಿರಣಿಯೊಂದರಲ್ಲಿ ಮಗ್ಗ ರಿಪೇರಿಗೆಂದು ಬಂದವನು ಅವನು. ಗಿರಣಿಯವರು ಮಗ್ಗಗಳನ್ನೇ ಮಾರಿಬಿಟ್ಟಾಗ ರಿಪೇರಿಗೆ ಏನೂ ಉಳಿಯಲಿಲ್ಲ. ಅಷ್ಟರಲ್ಲಿ ನಮ್ಮ ಟಿವಿಯ ಯಾವುದೋ ಕತ್ತಿ ಕುದುರೆಯ ಧಾರಾವಾಹಿ ಅವನ ದೇಶದಲ್ಲಿ ಮನೆಮನೆಗೂ ಹುಚ್ಚು ಹಿಡಿಸಿತ್ತು. ಅಲ್ಲಿಯ ಪ್ರವಾಸಿಗರು ಬಸ್ಸು ಬಸ್ಸಾಗಿ ಬುರ್ಸಾಕ್ಕೆ ಇಳಿಯತೊಡಗಿದರು. ಕತ್ತಿ ಸಿಗುವುದಿಲ್ಲವೆಂದು ಗೊತ್ತಾದ ಮೇಲೆ ಟವೆಲು ಕೊಳ್ಳುತ್ತಿದ್ದರು. ಅವರ ಮಾತು ನನಗೆ ಬಾರದು, ನನ್ನ ಮಾತು ಅವರಿಗೆ ಬಾರದು. ಹೀಗೆ ಮುಖ್ತಾರ್ ನನ್ನ ಅಂಗಡಿಯ ಬಾಯಿಯಾದ.

ಅವನ ಹೆಸರೇ ಚಾವಣಿ ಹೊದಿಸಿದ ನಮ್ಮ ಪೇಟೆಗೆ ಒಂದು ತಮಾಷೆ. ನಮ್ಮಲ್ಲಿ ಮುಖ್ತಾರ್ ಎಂದರೆ ಕೇರಿಯ ಮುಖ್ಯಸ್ಥ. ಸಹಿ, ಮೊಹರು ಎಲ್ಲ ಅವನದೇ. "ಮುಖ್ತಾರರೇ, ನಮ್ಮ ಓಣಿ ನಲ್ಲಿ ಕೆಟ್ಟಿದೆ, ಸ್ವಲ್ಪ ನೋಡಿ" ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಅವನೂ ಗಂಭೀರವಾಗಿ ನೋಡುತ್ತೇನೆ ಅನ್ನುತ್ತಿದ್ದ. ಇಷ್ಟು ದೊಡ್ಡ ಅಧಿಕಾರ ಹೆಸರಲ್ಲಿ ಇಟ್ಟುಕೊಂಡವನಿಗೆ ತಾನು ಕುಡಿದ ಚಹಾಕ್ಕೆ ತಾನೇ ದುಡ್ಡು ಕೊಡುವ ಅಧಿಕಾರ ಇರಲಿಲ್ಲ. ಜೇಬಿಗೆ ಕೈ ಹಾಕಿದರೆ ಚಹಾದ ಶುಕ್ರು ಅವನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದ. ಪಾಕಿಸ್ತಾನಿ ಅಂದರೆ ತಮ್ಮ. ತಮ್ಮ ಅಂದರೆ ಅತಿಥಿ. ಅತಿಥಿಯಿಂದ ದುಡ್ಡು ಮುಟ್ಟುವುದುಂಟೆ? ಅತಿಥಿಗೆ ನಮ್ಮಲ್ಲಿ ಮಿಸಾಫಿರ್ ಅನ್ನುತ್ತೇವೆ. ಅವನ ಭಾಷೆಯಲ್ಲಿ ಮುಸಾಫಿರ ಅಂದರೆ ದಾರಿಹೋಕನಂತೆ. ಹನ್ನೊಂದು ವರ್ಷ ನಾವು ಅವನನ್ನು ಪ್ರೀತಿಯಿಂದ ಆ ಹೆಸರಲ್ಲಿ ಕರೆದೆವು. ಪ್ರತಿ ಸಲವೂ ಅವನಿಗೆ ಯಾವಾಗ ಹೊರಡುತ್ತೀಯ ಎಂದು ಕೇಳಿದ ಹಾಗೆ ಆಗುತ್ತಿತ್ತೆಂದು ಆಮೇಲೆ ತಿಳಿಯಿತು.

ಇನ್ನು ನನ್ನ ವ್ಯಾಪಾರದ ಗುಟ್ಟು. ನೂರು ವರ್ಷದ ಹಿಂದೆ ನಮ್ಮ ದೇಶ ಉಳಿಯುತ್ತದೋ ಇಲ್ಲವೋ ಎಂಬ ಯುದ್ಧದಲ್ಲಿದ್ದಾಗ, ಅವರ ಕಡೆಯ ಹೆಂಗಸರು ಕೈಬಳೆ ಬಿಚ್ಚಿ ನಮಗಾಗಿ ಕಳಿಸಿದರು. ಇದು ನಿಜ, ನಮ್ಮ ಮಕ್ಕಳಿಗೂ ಗೊತ್ತು. ನಾನು ಟವೆಲು ಬಿಚ್ಚಿ ಹರಡಿ, ಎದೆಯ ಮೇಲೆ ಕೈಯಿಟ್ಟು, "ನಿಮ್ಮ ಅಜ್ಜಿಯರು ಬಳೆ ಕೊಟ್ಟೋರು. ನಿಮ್ಮ ಹತ್ರ ನಾನು ಲಾಭ ತಗೊಳ್ಳೋದುಂಟಾ?" ಎಂದು ಶುರುಮಾಡುತ್ತಿದ್ದೆ, ಮುಖ್ತಾರ್ ಅದನ್ನು ಅವರ ಮಾತಿಗೆ ತಿರುಗಿಸುತ್ತಿದ್ದ. ಗಿರಾಕಿಯ ಕಣ್ಣು ತುಂಬುತ್ತಿತ್ತು. ನಮ್ಮಜ್ಜಿಯೂ ಕೊಟ್ಟಿದ್ದಳು ಅನ್ನುತ್ತಿದ್ದ. ಆಮೇಲೆ ನಾನು ಬೆಲೆ ಹೇಳುತ್ತಿದ್ದೆ. ಅಜ್ಜಿಯ ತ್ಯಾಗವನ್ನು ಈಗ ತಾನೇ ನೆನೆದವನು ಟವೆಲಿನ ಮೇಲೆ ಚೌಕಾಸಿ ಮಾಡುವುದು ಹೇಗೆ? ಬಳೆಯ ಹಿಂದೆಯೇ ಬೆಲೆ ಬರುತ್ತದೆ, ಬೆಲೆಯ ಹಿಂದೆ ಮಾತು ಬರುವುದಿಲ್ಲ.

ಒಂದು ವಿಷಯ ಮಾತ್ರ ವ್ಯಾಪಾರಿಯಾದ ನನಗೆ ಕಚಗುಳಿಯಿಡುತ್ತಿತ್ತು. ಅಜ್ಜಿ ಬಳೆ ಕೊಡದ ಗಿರಾಕಿ ಒಬ್ಬನೂ ಬರಲಿಲ್ಲ. ನನ್ನ ಅಂಗಡಿಯಲ್ಲಿ ಲೆಕ್ಕಕ್ಕೆ ಬಂದ ಬಳೆಗಳೆಲ್ಲ ನಿಜವಾಗಿ ಬಂದಿದ್ದರೆ ಬುರ್ಸಾದ ಚರಂಡಿಗೂ ಚಿನ್ನದ ಮುಚ್ಚಳ ಹಾಕಬಹುದಿತ್ತು. ಒಂದು ದಿನ ಗಿರಾಕಿ ಇಲ್ಲದ ಹೊತ್ತಲ್ಲಿ ಮುಖ್ತಾರನನ್ನು ಕೇಳಿದೆ, ನಿಮ್ಮಜ್ಜಿ ಎಷ್ಟು ಕೊಟ್ಟಳಪ್ಪ ಅಂತ.

"ಕೊಡ್ಲಿಲ್ಲ ಅಣ್ಣ" ಅಂದ.

ನಾನು ತಪ್ಪು ಕೇಳಿಸಿಕೊಂಡೆನೆಂದು ಮತ್ತೆ ಕೇಳಿದೆ.

"ಕೊಡ್ಲಿಲ್ಲ. ಚಂದಾ ವಸೂಲಿಯೋರು ಬರೋದು ಗೊತ್ತಾಗಿ ಬಳೆನ ಹಿಟ್ಟಿನ ಮಡಕೆಗೆ ಹಾಕಿದ್ಲು. ಬರಿಗೈಲಿ ಕಳಿಸ್ಬಾರ್ದು ಅಂತ ಒಂದು ಕೋಳಿ ಕೊಟ್ಲು."

"ಕೋಳಿ?"

"ಕೆಂಪು ಕೋಳಿ. ವಸೂಲಿಯೋರು ಅದನ್ನ ಅವತ್ತೇ ಸಾರು ಮಾಡ್ಕೊಂಡು ತಿಂದ್ರಂತೆ."

ಅವನು ನಗಲಿಲ್ಲ, ನಾನೂ ನಗಲಿಲ್ಲ. ಇಷ್ಟು ವರ್ಷದ ವ್ಯಾಪಾರದಲ್ಲಿ ನನ್ನ ಮುಂದೆ ಕೂತು ತನ್ನ ಸರಕಿನ ಬೆಲೆಯನ್ನು ತಾನೇ ಇಳಿಸಿಕೊಂಡ ಮೊದಲನೆಯವನು ಅವನು.

ಆ ವರ್ಷ ನನ್ನ ಪಕ್ಕದ ಅಂಗಡಿ ಖಾಲಿಯಾಯಿತು. ಮಾಲೀಕ ಹಿಕ್ಮೆತ್ ಬೇ, ಅಂದರೆ ಹಿಕ್ಮೆತ್ ಸಾಹೇಬ. ಸಾಲಿನ ತುದಿಯಲ್ಲಿ ರಜಾಯಿ ಮಾರುತ್ತಾನೆ, ಪೇಟೆಯ ವರ್ತಕರ ಸಂಘದ ಅಧ್ಯಕ್ಷ, ಭಾಷಣವೆಂದರೆ ಊಟ ಬಿಡುವ ಜಾತಿ. ಮುಖ್ತಾರನಿಗೆ ಆ ಅಂಗಡಿ ಬೇಕಿತ್ತು. ಬೇಕಿತ್ತು ಎಂದರೆ ಸಾಲದು. ಬೆಳಿಗ್ಗೆ ಮುಚ್ಚಿದ ಷಟರಿನ ಮುಂದೆ ನಿಂತು, ಕಪಾಟು ಎಲ್ಲಿ, ಗಲ್ಲಾ ಎಲ್ಲಿ ಎಂದು ಕಣ್ಣಲ್ಲೇ ಅಳೆಯುತ್ತಿದ್ದ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ಸ್ವಂತ ಅಂಗಡಿಯ ಕಾಗದ ಬೇಕು. ಇನ್ನೊಬ್ಬರ ಅಂಗಡಿಯ ಬಾಯಿಗೆ ಅಂಥ ಕಾಗದ ಯಾರೂ ಕೊಡುವುದಿಲ್ಲ. ಮಗಳು ಅಪ್ಪನನ್ನು ಫೋನಿನಲ್ಲಷ್ಟೇ ನೋಡಿ ಬೆಳೆಯುತ್ತಿದ್ದಳು.

ಹಿಕ್ಮೆತ್ ಬೇ ಅವನನ್ನು ತಬ್ಬಿಕೊಂಡು ಕೂರಿಸಿ, ನಿನಗೇಕಪ್ಪ ಈ ಅಂಗಡಿಯ ಜಂಜಾಟ, ನೀನು ನಮ್ಮ ಅತಿಥಿ, ಹಾಯಾಗಿ ಚಹಾ ಕುಡಿದುಕೊಂಡಿರು ಅಂದ. ತಿಂಗಳುಗಟ್ಟಲೆ ಹೀಗೇ ತಬ್ಬಿಕೊಂಡ. ಆಮೇಲೆ ನನ್ನ ಹತ್ತಿರ ಮನಸ್ಸು ಬಿಚ್ಚಿದ: ತಮ್ಮನ ಹತ್ತಿರ ಬಾಡಿಗೆ ಕೇಳುವುದು ಹೇಗೆ? ಕೊಡದಿದ್ದರೆ ಎಬ್ಬಿಸುವುದು ಹೇಗೆ? ಅಂಗಡಿ ಖಾಲಿ ಬಿದ್ದರೂ ಸರಿ, ಎರಡು ದೇಶದ ನಡುವೆ ಮನಸ್ತಾಪ ಬೇಡ.

ಅಷ್ಟರಲ್ಲಿ ಊರಲ್ಲಿ ಎರಡು ದೇಶಗಳ ಗೆಳೆತನದ ಸಮಾರಂಭ ಬಂತು. ಹಿಕ್ಮೆತ್ ಬೇಯ ತಲೆಗೆ ಒಂದು ಉಪಾಯ ಹೊಳೆಯಿತು. ಮುಖ್ತಾರ್ ವೇದಿಕೆ ಹತ್ತಿ ಅಜ್ಜಿಯ ಬಳೆಯ ಕಥೆ ಹೇಳಲಿ, ಜನ ಅಳಲಿ, ಅಲ್ಲೇ ಎಲ್ಲರೆದುರು ಅಂಗಡಿಯ ಬೀಗದ ಕೈ ಅವನಿಗೆ ಕೊಟ್ಟುಬಿಡುತ್ತೇನೆ ಅಂದ. ಬಾಡಿಗೆ ಕೇಳುವ ಮುಜುಗರ ಆಮೇಲೆ ನೋಡಿಕೊಂಡರಾಯಿತು, ಬೀಗದ ಕೈಯ ಜೊತೆ ಫೋಟೋ ಮೊದಲು ಬರಲಿ.

ನಾನೂ ಒತ್ತಾಯಿಸಿದೆ. ಸತ್ತ ಅಜ್ಜಿಗೆ ಒಂದು ಬಳೆಯಿಂದ ಏನು ನಷ್ಟ, ಎಲ್ಲರ ಅಜ್ಜಿಯರೂ ಕೊಟ್ಟಿದ್ದಾರೆ, ನಿಮ್ಮಜ್ಜಿಯೂ ಕೊಡಲಿ ಬಿಡು ಅಂದೆ.

ಅವನು ಹೇಳಿದ: "ಅಣ್ಣ, ನಾನು ಇಲ್ಲಿಗೆ ಬಂದಿದ್ದು ಆ ಬಳೆ ಮಾರಿ. ಟಿಕೆಟ್ಟು, ವೀಸಾ, ಈ ಬೂಟು, ಎಲ್ಲ ಆ ಬಳೇನೇ. ಅಜ್ಜಿ ಅವತ್ತೇ ಕೊಟ್ಬಿಟ್ಲು ಅಂದ್ರೆ ನಾನು ಹೆಂಗೆ ಬಂದೆ ಅಂತ ಹೇಳ್ಲಿ?"

ಸಮಾರಂಭಕ್ಕೆ ಹೋಗಬೇಡ, ಜ್ವರ ಅನ್ನು ಎಂದು ಸಲಹೆ ಕೊಟ್ಟೆ. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಹೋದ.

ಸಭಾಂಗಣದಲ್ಲಿ ಎರಡೂ ಬಾವುಟ. ಎರಡರಲ್ಲೂ ಚಂದ್ರ, ಎರಡರಲ್ಲೂ ನಕ್ಷತ್ರ. ಕಟ್ಟುವವನು ಬಣ್ಣ ನೋಡಿಕೊಂಡರೆ ಸಾಕು. ಹಿಕ್ಮೆತ್ ಬೇ ಅರ್ಧ ಗಂಟೆ ಬಳೆಯನ್ನು ವರ್ಣಿಸಿದ. ಅದರ ಮೇಲಿನ ಹೂವಿನ ಕೆತ್ತನೆಯನ್ನೂ ಬಿಡಲಿಲ್ಲ. ಬೀಗದ ಕೈ ಅವನ ಮುಂದೆ ತಟ್ಟೆಯಲ್ಲಿ, ಕೆಂಪು ರಿಬ್ಬನ್ನು ಕಟ್ಟಿಕೊಂಡು ಕೂತಿತ್ತು. ಆಮೇಲೆ ಮುಖ್ತಾರ್ ಎದ್ದ. ತಟ್ಟೆಯ ಕಡೆ ಒಮ್ಮೆ ನೋಡಿದ್ದನ್ನು ನಾನು ನೋಡಿದೆ.

"ನಮ್ಮೂರಲ್ಲಿ ಕೊಟ್ಟೋರು ಬಹಳ ಜನ ಇದ್ರು" ಅಂದ. "ಕಿವಿ ಓಲೆ ಬಿಚ್ಚಿ ಕೊಟ್ಟೋರ್ನ ನಮ್ಮಜ್ಜಿ ಕಣ್ಣಾರೆ ನೋಡಿದ್ಲು, ಸಾಯೋವರ್ಗೂ ಅವರ ಹೆಸರು ಹೇಳ್ತಿದ್ಲು. ನಮ್ಮಜ್ಜಿ ಅವರಲ್ಲೊಬ್ಳಲ್ಲ. ಅವಳು ಕೊಟ್ಟಿದ್ದು ಒಂದು ಕೋಳಿ, ಅದೂ ಇಲ್ಲಿಗೆ ಬಂದು ಮುಟ್ಲಿಲ್ಲ. ಕೊಟ್ಟೋರ ಮರ್ಯಾದೆನ ಕೊಡದೇ ಇದ್ದೋಳ ಮೊಮ್ಮಗ ನಾನು ಇಸ್ಕೊಳ್ಳೋದು ಸರಿಯಲ್ಲ."

ಹಿಂದಿನ ಸಾಲಲ್ಲಿ ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಮುಂದಿನ ಸಾಲಿನ ಅಧಿಕಾರಿಯೊಬ್ಬರು ಫೋನು ನೋಡುತ್ತಿದ್ದವರು, ಮಾತು ನಿಂತದ್ದು ತಿಳಿದು ಜೋರಾಗಿ ಚಪ್ಪಾಳೆ ತಟ್ಟಿದರು. ಬೀಗದ ಕೈ ತಟ್ಟೆಯಲ್ಲೇ ಉಳಿಯಿತು. ಹಿಕ್ಮೆತ್ ಬೇಯ ಮುಖದ ಬಣ್ಣ ನಮ್ಮ ಕೆಂಪು ಬಾವುಟದ್ದಾಗಿತ್ತು.

ಮರುದಿನ ಪೇಟೆಯಲ್ಲಿ ಮುಖ್ತಾರನನ್ನು ಯಾರೂ ತಬ್ಬಿಕೊಳ್ಳಲಿಲ್ಲ. ನಲ್ಲಿ ಕೆಟ್ಟಿದೆ ಎಂದು ಯಾರೂ ದೂರಲಿಲ್ಲ. ಶುಕ್ರು ಚಹಾ ತಂದಿಟ್ಟು, ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತ. ಏನು ಎಂದು ನಾನು ಕೇಳಿದೆ.

"ದುಡ್ಡು" ಅಂದ.

"ನನ್ನ ಖಾತೆಗೆ ಬರ್ಕೋ."

"ನಿಮ್ದಲ್ಲ, ಇವರ್ದು."

ಮುಖ್ತಾರ್ ಜೇಬಿಗೆ ಕೈ ಹಾಕಿದ. ಮಣಿಕಟ್ಟು ಯಾರೂ ಹಿಡಿಯಲಿಲ್ಲ. ಶುಕ್ರು ಚಿಲ್ಲರೆ ಎಣಿಸಿಕೊಂಡು, ಮುಖ ಗಂಟಿಕ್ಕಿಕೊಂಡೇ ಹೋದ. ಮುಖ್ತಾರ್ ಆ ಚಹಾವನ್ನು ನಿಧಾನಕ್ಕೆ, ಗುಟುಕು ಗುಟುಕಾಗಿ ಕುಡಿದ. ಪೇಟೆ ತಾನು ಅವನಿಗೆ ಅವಮಾನ ಮಾಡುತ್ತಿದ್ದೇನೆ ಎಂದುಕೊಂಡಿತ್ತು. ಅವನ ಮುಖ ನೋಡಿದ್ದರೆ ಯಾವುದೋ ಪದಕ ಬಂದಿದೆ ಅನ್ನಬೇಕಿತ್ತು.

ಮಧ್ಯಾಹ್ನ ಹಿಕ್ಮೆತ್ ಬೇ ಬಂದ. ಜಗಳಕ್ಕೇ ಬಂದವನು, ತಬ್ಬಿಕೊಳ್ಳುವ ಕೈಗಳೆರಡೂ ಸೊಂಟದ ಮೇಲಿದ್ದವು. ನನ್ನ ಮಾನ ಕಳೆದೆ, ಎರಡು ದೇಶದ ಮುಂದೆ ಕೋಳಿ ತಂದು ಬಿಟ್ಟೆ, ರಿಬ್ಬನ್ನಿನ ಖರ್ಚು ಯಾರು ಕೊಡುತ್ತಾರೆ ಎಂದು ಒಂದೇ ಉಸಿರಿಗೆ ಬೈದ. ಮುಖ್ತಾರ್ ತಲೆ ತಗ್ಗಿಸಿ ಎಲ್ಲ ಕೇಳಿ, ಕೊನೆಗೆ ಒಂದೇ ಮಾತು ಕೇಳಿದ: "ಹಂಗಾದ್ರೆ ನಾನಿನ್ನು ನಿಮ್ಮ ಅತಿಥಿ ಅಲ್ವಾ?"

"ಎಂಥ ಅತಿಥಿ? ಯಾರ ಅತಿಥಿ?"

"ಸರಿ. ಆ ಅಂಗಡಿ ಬಾಡಿಗೆ ಎಷ್ಟು?"

ಹಿಕ್ಮೆತ್ ಬೇ ಸೊಂಟದ ಮೇಲಿನ ಕೈ ಇಳಿಸಿದ. ಅವನ ತಲೆಯೊಳಗೆ ತಕ್ಕಡಿ ಅಲುಗಾಡಿದ್ದು ನನಗೆ ಹೊರಗಿಂದಲೇ ಕಂಡಿತು. ನಿನ್ನೆಯವರೆಗೆ ತಮ್ಮನಾಗಿದ್ದವನ ಹತ್ತಿರ ಬಾಡಿಗೆ ಕೇಳಲಾಗದೆ ತಿಂಗಳುಗಟ್ಟಲೆ ಅಂಗಡಿ ಖಾಲಿ ಬಿದ್ದಿತ್ತು. ಇವತ್ತು ಯಾವ ಮುಜುಗರವೂ ಇಲ್ಲ. ಬಾಯಿಗೆ ಬಂದ ಬಾಡಿಗೆ ಹೇಳಿದ, ಮೂರು ತಿಂಗಳ ಮುಂಗಡ ಕೇಳಿದ, ಷಟರಿಗೆ ಬಣ್ಣವನ್ನೂ ಸೇರಿಸಿದ. ಮುಖ್ತಾರ್ ನಕ್ಕು, ಅದರ ಅರ್ಧದಿಂದ ಶುರುಮಾಡಿದ. ಹನ್ನೊಂದು ವರ್ಷ ನಾವು ಚೌಕಾಸಿ ಮಾಡಲು ಬಿಡದೆ ಒಳಗೇ ಕೂಡಿಬಿದ್ದದ್ದನ್ನೆಲ್ಲ ಅವನು ಅವತ್ತು ಹೊರಗೆ ತೆಗೆದ. ಇಬ್ಬರೂ ಎರಡು ಸಲ ಎದ್ದು ಹೋದರು, ಎರಡು ಸಲ ವಾಪಸು ಬಂದರು. ನಾನು ನಡುವೆ ಕೂತು ಇಬ್ಬರಿಗೂ ನ್ಯಾಯ ಹೇಳುವವನ ಹಾಗೆ ತಲೆಯಾಡಿಸಿದೆ.

ಮುಂಗಡ ಒಂದು ತಿಂಗಳಿಗೆ ಇಳಿದಾಗ ಹಿಕ್ಮೆತ್ ಬೇ ಸುಸ್ತಾಗಿ ಕೂತ. ಅತ್ತ ಇತ್ತ ನೋಡಿ ದನಿ ತಗ್ಗಿಸಿದ. ಅವನ ಅಜ್ಜಿಯ ಮನೆ ನಮ್ಮ ಉತ್ತರದ ಕಸ್ತಮೋನು ಕಡೆ. ಅದೇ ಯುದ್ಧಕ್ಕೆ ನಮ್ಮವರೇ ಮನೆಮನೆಯಲ್ಲಿ ವಸೂಲಿಗೆ ಬಂದಿದ್ದರಂತೆ.

"ನಮ್ಮಜ್ಜಿ ತಾಮ್ರದ ಹಂಡೆನ ಹಗ್ಗ ಕಟ್ಟಿ ಬಾವಿಗೆ ಇಳಿಸಿದ್ಲು" ಅಂದ. "ಒಂದು ಜೊತೆ ಕಾಲುಚೀಲ ಕೊಟ್ಟು ಕಳಿಸಿದ್ಲು. ಇದು ನಮ್ಮ ಮೂವರ ಮಧ್ಯೆ ಇರ್ಲಿ."

"ಹಂಡೆ ಈಗೆಲ್ಲಿದೆ?" ಎಂದು ಮುಖ್ತಾರ್ ಕೇಳಿದ.

"ಮನೇಲಿ. ಬಲು ಗಟ್ಟಿ ಹಂಡೆ."

ಇಬ್ಬರೂ ಕೈ ಕುಲುಕಿದರು. ಬೀಗದ ಕೈಗೆ ರಿಬ್ಬನ್ನು ಇನ್ನೂ ಇತ್ತು. ಹಿಕ್ಮೆತ್ ಬೇ ಅದನ್ನು ಬಿಚ್ಚಿ ತನ್ನ ಜೇಬಿಗೆ ಹಾಕಿಕೊಂಡು ಬೀಗದ ಕೈ ಮಾತ್ರ ಕೊಟ್ಟ. ಹಂಡೆಯ ಗುಟ್ಟನ್ನು ನಾನು ಯಾರಿಗೂ ಹೇಳಲಿಲ್ಲ, ಶುಕ್ರುವೊಬ್ಬನಿಗೆ ಬಿಟ್ಟು. ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗಿತ್ತು. ಅದಾದ ಮೇಲೆ ತಮ್ಮ ಅಜ್ಜಿಯೂ ಏನೋ ಒಂದನ್ನು ಬಚ್ಚಿಟ್ಟಿದ್ದಳೆಂದು ನೆನಪಾಗದ ವರ್ತಕ ನಮ್ಮ ಸಾಲಲ್ಲಿ ಉಳಿಯಲಿಲ್ಲ.

ಮುಖ್ತಾರ್ ನನ್ನ ಪಕ್ಕದಲ್ಲೇ ಟವೆಲು ಅಂಗಡಿ ಇಟ್ಟ. ಬೇರೆ ಏನನ್ನಾದರೂ ಮಾರಬಹುದಿತ್ತು. ಬಾಗಿಲ ಮೇಲೆ ನಾವೆಲ್ಲ ಬರೆಸುವ ಮಾತನ್ನೇ ಬರೆಸಿದ: ತೆಕ್ರಾರ್ ಬೆಕ್ಲೆರಿಜ್, ಅಂದರೆ ಮತ್ತೊಮ್ಮೆ ಬನ್ನಿ, ಕಾದಿರುತ್ತೇವೆ. ಈ ಊರಿಗೆ ಬಂದ ಹೊಸದರಲ್ಲಿ ಅವನು ಅದನ್ನು ತನ್ನ ಭಾಷೆಯ ಲೆಕ್ಕದಲ್ಲಿ, ತಕರಾರಿಗೆ ಕಾದಿರುತ್ತೇವೆ ಎಂದು ಓದಿಕೊಂಡು, ಇದೆಂಥ ಪ್ರಾಮಾಣಿಕ ಪೇಟೆ ಎಂದು ಬೆರಗಾಗಿದ್ದನಂತೆ. ಈಗ ಅವನ ಹೆಂಡತಿ ಗಲ್ಲಾದ ಹಿಂದೆ ಕೂರುತ್ತಾಳೆ. ಮಗಳು ನಮ್ಮ ಬೈಗುಳಗಳನ್ನು ಅಪ್ಪನಿಗಿಂತ ಚೆನ್ನಾಗಿ ಕಲಿತಿದ್ದಾಳೆ. ನನ್ನ ವ್ಯಾಪಾರಕ್ಕೆ ಮಾತ್ರ ಪೆಟ್ಟು ಬಿತ್ತು. ಪಾಕಿಸ್ತಾನದ ಗಿರಾಕಿ ನನ್ನಲ್ಲಿ ನಾನು ಅವರ ಮಾತಲ್ಲಿ ಬಾಯಿಪಾಠ ಮಾಡಿಕೊಂಡ ಬಳೆಯ ಕಥೆ ಕೇಳಿ ಕಣ್ಣೊರೆಸಿಕೊಂಡು, ಪಕ್ಕದಲ್ಲಿ ಕೋಳಿಯ ಕಥೆ ಕೇಳಿ ನಕ್ಕು, ನಕ್ಕ ಕಡೆ ಕೊಳ್ಳುತ್ತಾನೆ. ನಾವಿಬ್ಬರೂ ವಾರಕ್ಕೊಮ್ಮೆಯಾದರೂ ಜಗಳವಾಡುತ್ತೇವೆ. ಅವನ ಟವೆಲು ಎರಡು ಅಂಗಡಿಯ ನಡುವಿನ ಕಂಬ ದಾಟಿ ನನ್ನ ಕಡೆಗೆ ನೇತಾಡುತ್ತದೆ.

ನಮ್ಮ ಪೇಟೆಯಲ್ಲಿ ಒಂದು ಪದ್ಧತಿ ಇದೆ. ತನಗೆ ಬೋಣಿ ಆದವನು, ಪಕ್ಕದವನಿಗೆ ಇನ್ನೂ ಆಗಿಲ್ಲದಿದ್ದರೆ, ಮುಂದಿನ ಗಿರಾಕಿಯನ್ನು ಅವನಲ್ಲಿಗೆ ಕಳಿಸುತ್ತಾನೆ. ಇದು ಅಂಗಡಿಯವರ ನಡುವಿನ ಲೆಕ್ಕ; ಅತಿಥಿಗಳಿಗೆ ಇದರಲ್ಲಿ ಪಾಲಿಲ್ಲ.

ಈ ಬೆಳಿಗ್ಗೆ ಕಂಬದ ವಿಷಯಕ್ಕೆ ನಮ್ಮ ಮಾತು ನಿಂತಿತ್ತು. ನನಗಿನ್ನೂ ಬೋಣಿ ಆಗಿರಲಿಲ್ಲ. ಮದುವೆಗೆ ಟವೆಲು ಕೊಳ್ಳಲು ಬಂದ ಹೆಂಗಸೊಬ್ಬಳು ಅವನ ಅಂಗಡಿಯಿಂದ ಇಳಿದು ನನ್ನಲ್ಲಿಗೆ ಬಂದಳು. ಬಿಳಿ ಟವೆಲು ಅವರಲ್ಲಿ ಮುಗಿದಿದೆಯಂತೆ, ನಿಮ್ಮನ್ನು ಕೇಳಲು ಹೇಳಿದರು ಅಂದಳು. ಅವನ ಕಪಾಟಿನ ತುಂಬ ಬಿಳಿ ಟವೆಲು ನನ್ನ ಗಲ್ಲಾದಿಂದಲೇ ಕಾಣುತ್ತಿತ್ತು. ಅವನು ಈ ಕಡೆ ನೋಡಲೂ ಇಲ್ಲ.

ಮುಖ್ತಾರನಿಗೆ ನನ್ನಿಂದ ಒಬ್ಬ ಗಿರಾಕಿ ಬಾಕಿ.